ಒಂಟಿ ಬಳ್ಳಿಯ ಹೂವು

ಬಾಹಿಯಾ ರಾಜ್ಯದ ಊರೊಂದರ ಸಂತೆಯೆದುರು ಬಸ್ಸಿಗೆ ಕಾಯುತ್ತ ನಿಂತಿದ್ದ ಇವೊನೆ ಎಂಬಾಕೆಯ ಬೆನ್ನ ಹಿಂದೆ ಇಬ್ಬರು ಹೆಂಗಸರು ಮಾತಿಗಿಳಿದಿದ್ದರು.

"ಜುಲ್ಮೀರಕ್ಕ, ನಿಮ್ಮ ಪ್ಯಾಶನ್ ಹಣ್ಣಿನ ಬಳ್ಳಿ ಈ ಸಲ ಕಾಯಿ ಬಿಡ್ತಾ?"

"ಎಲ್ಲಿಂದ ಬಿಡುತ್ತೆ, ದಾಲ್ವಾ? ಎರಡರಲ್ಲಿ ಒಂದು ಒಣಗಿಹೋಯ್ತಲ್ಲ. ಬೇರೆ ಬಳ್ಳಿಯ ಹೂವಿನ ಪುಡಿ ತಾಗದೆ ಕಾಯಿ ಕಚ್ಚಲ್ಲ."

"ಇನ್ನೊಂದು ಬೀಜ ಹಾಕಿ."

"ಮೂರು ಸಲ ಹಾಕ್ದೆ. ಸಸಿ ಎದ್ದಾಗೆಲ್ಲ ಕಳೆ ಅಂತ ನಮ್ಮನೆಯವರೇ ಕಿತ್ತು ಬಿಸಾಕಿದ್ರು."

"ಅಯ್ಯೋ! ಬೀದಿಗೆಲ್ಲ ಸಸಿ ಹಂಚಿದ ಮನುಷ್ಯ!"

"ಈಗ ಅವರಿಗೆ ನನ್ನ ಹೆಸರೂ ನೆನಪಿಲ್ಲ. ಮಧ್ಯಾಹ್ನ ಹೂ ಅರಳೋ ಹೊತ್ತು ಮಾತ್ರ ಮರೆಯಲ್ಲ. ಸ್ಟೂಲ್ ಹತ್ತಿ ಅದೇ ಬಳ್ಳಿಯ ಪುಡಿ ಅದಕ್ಕೇ ಸವರ್ತಾರೆ. ಮಾರನೇ ದಿನ ಹೂವೆಲ್ಲ ಉದುರಿ ನೆಲದ ಮೇಲೆ."

"ಹಾಗೆ ಕಾಯಿ ಕಚ್ಚಲ್ಲ ಅಂತ ಹೇಳಬಾರದಾ?"

"ಹೇಳಿದ್ರೆ ಅಳ್ತಾರೆ. ನಾಳೆ ಮತ್ತೆ ಹತ್ತುತ್ತಾರೆ."

ಬಸ್ಸು ಬಂತು. ಜುಲ್ಮೀರಾ ಇವೊನೆಯನ್ನು ಸರಿಸಿಕೊಂಡೇ ಮುಂದೆ ನುಗ್ಗಿದಳು.

"ಬರ್ತೀನಿ ಕಣೇ, ಹನ್ನೆರಡಾಗ್ತಾ ಬಂತು. ಸ್ಟೂಲ್ ಹಿಡ್ಕೊಳ್ಳೋಕೆ ನಾನಿರಬೇಕು."