ಅಕ್ಕ ಪಳಗಿಸಿದ ಫಿಲ್ಟರ್

ನಗ್ತೀಯೇನೇ? ನಗು, ನಗು! ಬೆಳಗ್ಗೆ ವಕೀಲರ ಮುಂದೆ ವಿಚ್ಛೇದನಕ್ಕೆ ಸಹಿ ಹಾಕಿ ಬಂದವಳು, ಈಗ ಕೂತ್ಕೊಂಡು ಸ್ವಂತ ಸ್ಪ್ಯಾಮ್ ಫಿಲ್ಟರ್ ಪಳಗಿಸ್ತಾಳಂತೆ! ಇದು ಬೇಕು, ಇದು ಬೇಡ ಅಂತ ಒಂದೊಂದೇ ಮೇಲ್ ಒತ್ತಿ... ನಿನ್ನ ತಲೆ! ನಂದು ಕೊಟ್ಟಿದ್ದೀನಲ್ಲ, ರೆಡಿಮೇಡು? ಗಂಡನ ಜೊತೆ ಜಗಳ ಆಡ್ಕೊಂಡು ನನ್ನ ಬಾಗಿಲಿಗೆ ಬಂದ್ಯಲ್ಲ, ಅವತ್ತೇ ಹೊಸ ಸಿಮ್ ಕೊಡಿಸ್ದೆ, ನಿನ್ನ ಲ್ಯಾಪ್‌ಟಾಪಿಗೆ ನನ್ನ ಫಿಲ್ಟರನ್ನೂ ಹಾಕ್ದೆ. ಒಡಹುಟ್ಟಿದವಳು ಅಂತ!

ಏನಂದೆ? ನನ್ನ ಕಸ ಬೇರೆ, ನಿನ್ನ ಕಸ ಬೇರೆನಾ? ಅಬ್ಬಬ್ಬಾ, ದೊಡ್ಡ ಮಾತು! ಕೇಳಿಲ್ಲಿ. ಅದು ಬರೆದೋರ ಹೆಸರು ನೋಡಲ್ಲ ಕಣೇ, ಮಾತು ನೋಡುತ್ತೆ. ನನ್ನ ಗಂಡ ಅನ್ನಿಸ್ಕೊಂಡಿದ್ದೋನು ಬರೀತಾನೇ ಇದ್ದ... ತಪ್ಪಾಯ್ತು, ಕ್ಷಮಿಸು, ಮನೆಗೆ ಬಾ... ಥೂ! ಬಂದಿದ್ದಷ್ಟನ್ನೂ ಕಸ, ಕಸ, ಕಸ ಅಂತ ಒತ್ತಿದೆ. ಆಮೇಲೆ ಅದೇ ಕಲೀತು. ಈಗ ಆ ಮಾತು ಯಾರೇ ಬರೀಲಿ, ಸೀದಾ ತೊಟ್ಟಿಗೆ!

ನಗೋದು ಯಾಕೆ ನಿಲ್ಲಿಸ್ದೆ?

ಅಯ್ಯೋ, ನಿನ್ನ ಗಂಡ ಎಲ್ಲಿ ಬರೀತಾನೆ ಬಿಡೇ! ನೀನೇ ತಾನೇ ಲ್ಯಾಪ್‌ಟಾಪ್ ಮುಂದೆ ಕೂತು ಗೋಳಾಡ್ತಿದ್ದೆ, ಒಂದು ಸಾಲು ಬರೆದ್ರೂ ವಾಪಸ್ ಹೋಗ್ತೀನಿ ಅಕ್ಕಾ ಅಂತ. ಬರೆದ್ನಾ? ಇಲ್ಲ. ಕಲ್ಲು ಮನಸ್ಸಿನೋನು. ಮತ್ತೆ ಇಂಥೋರು ಬರೆದ್ರೂ ಅಷ್ಟೇ... ಬಸ್ ಸ್ಟ್ಯಾಂಡಲ್ಲಿ ಕತ್ತಲಾಗೋ ತನಕ ಕಾದ್ನಂತೆ, ದೊಡ್ಡ ಸಾಧನೆ! ನೀನು ನೆಟ್ಟ ಗಿಡ ಚಿಗುರಿದೆ ನೋಡ್ಬಾ ಅಂದ್ಬಿಟ್ರೆ ಕರಗಿಹೋಗ್ಬೇಕಾ...

ಏನು? ಯಾವ ಗಿಡ ಅಂದ್ರೆ... ಯಾರೋ ಹೇಳಿದ್ರಪ್ಪ. ನೆನಪಿಲ್ಲ.

ಏಯ್! ಆ ಸ್ಪ್ಯಾಮ್ ಡಬ್ಬಿಗೆ ಯಾಕೆ ಕೈ ಹಾಕ್ತೀಯಾ? ಬರೀ ಲಾಟರಿ, ತೂಕ ಇಳಿಸೋ ಮಾತ್ರೆ, ಅಂಥದ್ದೇ... ತೆಗೀಬೇಡ ಅಂದೆನಲ್ಲ! ಕೊಡಿಲ್ಲಿ!

...

ಓದು. ಓದ್ಕೋ. ನೀನು ಮಲಗಿದ್ಮೇಲೆ ನಾನು ಆಗ್ಲೇ ಎಲ್ಲಾ ಓದಿದ್ದೀನಿ. ನನ್ನೋನಿಗಿಂತ ಚೆನ್ನಾಗೇ ಬರೆದಿದ್ದಾನೆ, ಅದಕ್ಕೇ ಹೊಟ್ಟೆ ಉರೀತು, ಏನೀಗ? ನೀನು ಉತ್ತರಾನೇ ಕೊಡ್ಲಿಲ್ಲ ಅಂತ ಸೋತು ಅವನೂ ಸಹಿ ಹಾಕ್ದ. ಮುಗೀತು.

ಬೈಯೋದಾದ್ರೂ ಬೈಯೇ. ಎರಡೇಟು ಹಾಕು ಬೇಕಾದ್ರೆ... ಹಾಗೆ ನೋಡ್ಬೇಡ ಕಣೇ. ನೀನೂ ಹೋಗಿಬಿಟ್ಟಿದ್ರೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ? ಏನಾದ್ರೂ ಅನ್ನೇ... ಏಯ್...