ಗಾಜಿನ ಜಗಲಿ

ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಲಾಂಚಿಗಾಗಿ ಸಾಲಿನಲ್ಲಿ ನಿಂತಿದ್ದ ನಾರ್ಮಾಗೆ, ಮುಂದಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಹಳೇ ಮನೆಗಳ ಸರ್ವೆಯವರು ಏನಂದ್ರು, ಥ್ಯಾಡ್?”

“ಗಾಜಿನ ಜಗಲಿ ಆಮೇಲೆ ಸೇರಿಸಿದ್ದಂತೆ, ಈಡಿ. ಅದನ್ನ ತೆಗೆದ್ರೆ ಮಾತ್ರ ನಮ್ಮ ಬೇಸಿಗೆ ಮನೆಗೆ ಪಾರಂಪರಿಕ ಕಟ್ಟಡ ಅಂತ ರಕ್ಷಣೆ ಕೊಡ್ತಾರಂತೆ.”

“ಪೋಲಿಯೋ ಆದ್ಮೇಲೆ ಅಮ್ಮ ಸಮುದ್ರ ನೋಡಿದ್ದೇ ಅಲ್ಲಿ ಮಲಗಿ ಕಣೋ!”

“ತೆಗೀದಿದ್ರೆ ಹೋಟೆಲಿನವರು ಜಾಗ ಕೊಂಡು ಇಡೀ ಮನೇನೇ ಕೆಡವ್ತಾರೆ. ಪಾಲಿರೋ ಚಿಕ್ಕಪ್ಪನ ಮಕ್ಕಳು ಅವರಿಗೆ ಮಾರೋಕೆ ಕಾಯ್ತಿದಾರೆ.”

“ಅಮ್ಮನ್ನ ಹೊರಗೆ ಹಾಕಿ ಮನೆ ಉಳಿಸ್ಕೋಬೇಕಾ?”

“ಅಮ್ಮನೇ ಇದ್ದಿದ್ರೆ ಏನ್ ಹೇಳ್ತಿದ್ಲು?”

ಲಾಂಚು ಕೂಗಿತು. ಈಡಿ ಮೂಗು ಒರೆಸಿಕೊಂಡಳು.

“‘ಗಾಜು ಒಡೀದೆ ಬಿಚ್ರೋ’ ಅಂತಿದ್ಲು. ನಡಿ, ನಾನೇ ಬಿಚ್ತೀನಿ.”

ಇಬ್ಬರೂ ಹಲಗೆ ಹತ್ತಿ ಹೋದರು. ಹಿಂದಿನವರು ತಳ್ಳಿದ ಮೇಲೆಯೇ ನಾರ್ಮಾ ಹೆಜ್ಜೆ ಕಿತ್ತಿಟ್ಟದ್ದು.