ನಿಶ್ಚಿತಾರ್ಥದ ದಿನ ಮಹಡಿ ಮೇಲೆ ಸತ್ತ ಆಟದ ಮುದುಕ

ನಾನು ಶಿವಯ್ಯ, ವಯಸ್ಸು 56 ವರ್ಷ, ಕೊಬ್ಬರಿ ವ್ಯಾಪಾರ, ಅರಸೀಕೆರೆ ಟೌನ್, ರೈಲ್ವೆ ಗೇಟಿನ ಹತ್ತಿರ ಸ್ವಂತ ಮನೆಯಲ್ಲಿ ವಾಸ. ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ,

ನಮ್ಮ ಮನೆಯ ಮಹಡಿಯಲ್ಲಿ ರೈಲ್ವೆ ನೌಕರ ಉಮಾಶಂಕರ್, ಅವರ ಹೆಂಡತಿ ಮಂಜುಶ್ರೀ ಎರಡು ವರ್ಷದಿಂದ ಬಾಡಿಗೆಗಿದ್ದಾರೆ. ಒಳ್ಳೆಯವರೆಂದು ಮನೆ ಕೊಟ್ಟಿದ್ದು ನನ್ನ ತಪ್ಪು. ಈ ದಿನ ಭಾನುವಾರ ಬೆಳಿಗ್ಗೆ 10-30ಕ್ಕೆ ನನ್ನ ಮಗಳು ಹರ್ಷಿತಾಳ (22 ವರ್ಷ) ನಿಶ್ಚಿತಾರ್ಥವಿತ್ತು. ಗಂಡಿನ ಕಡೆಯವರು ಕಣಕಟ್ಟೆಯಿಂದ ಟೆಂಪೊದಲ್ಲಿ ಬರುವವರಿದ್ದರು. 9-15ಕ್ಕೆ ಮಗಳು ಜಡೆ ಹಾಕಿಸಿಕೊಳ್ಳಲು ಮಂಜುಶ್ರೀಯವರ ಬಳಿ ಮಹಡಿಗೆ ಹೋದಳು.

9-50ಕ್ಕೆ ಮಹಡಿಯಿಂದ ಜೋರಾಗಿ ಅಳು ಕೇಳಿಸಿತಂತೆ. ನಾನು ಹಿತ್ತಲಲ್ಲಿ ಅಡುಗೆಯವರ ಜೊತೆ ಇದ್ದೆ, ನನಗೆ ಕೇಳಲಿಲ್ಲ. ಎದುರು ಮನೆಯ ಗುರುಸಿದ್ದಮ್ಮ ಮೆಟ್ಟಿಲ ಕೆಳಗೆ ನಿಂತು ಏನಾಯಿತೆಂದು ಕೂಗಿ ಕೇಳಿದ್ದಕ್ಕೆ ಉಮಾಶಂಕರ್ ಬಾಗಿಲಿಗೆ ಬಂದು, ಎಲ್ಲ ಮುಗಿಯಿತೆಂಬಂತೆ ಕೈಯಾಡಿಸಿದರಂತೆ. ಆ ಪುಣ್ಯಾತ್ಗಿತ್ತಿ ಹಿಂದೆಮುಂದೆ ನೋಡದೆ, ಸಾವಾದ ಮನೆಗೆ ಹಾಕುವಂತೆ, ನನ್ನ ಗೇಟಿನ ಮುಂದೆ ಎರಡು ಕೊರಡು ಇಟ್ಟು ಬೆಂಕಿ ಹಾಕಿದ್ದಾರೆ. 10-20ಕ್ಕೆ ಬಂದ ಟೆಂಪೊ ಸುಮಾರು 60 ಅಡಿ ದೂರದಲ್ಲಿ ನಿಂತು, ಯಾರೂ ಇಳಿಯದೆ, ತಿರುಗಿಕೊಂಡು ಹೋಯಿತು. ನಾನು ಕೂಗುತ್ತಾ ಓಡಿದೆ. ನಿಲ್ಲಿಸಲಿಲ್ಲ.

ಗುರುಸಿದ್ದಮ್ಮನಿಂದ ವಿಷಯ ತಿಳಿದು ಮಹಡಿ ಹತ್ತಿ ನೋಡಿದೆ. ಹೆಣ ಇರಲಿಲ್ಲ. ಕಂಪ್ಯೂಟರಿನಲ್ಲಿ ಬಿಳಿಗಡ್ಡದ ಮುದುಕನೊಬ್ಬ ಸೇತುವೆ ಮೇಲೆ ಬಿದ್ದಿದ್ದ. ಅದರ ಮುಂದೆ ಮೂವರೂ ಕೂತು ಅಳುತ್ತಿದ್ದರು. ನನ್ನ ಮಗಳ ಜಡೆ ಅರ್ಧ ಹೆಣೆದಿತ್ತು. ವಿಚಾರಿಸಲಾಗಿ, ಅವನು ವಿಡಿಯೊ ಗೇಮಿನ ಮುದುಕನೆಂದೂ, ಐದು ತಿಂಗಳಿಂದ ದಿನಾ ಮಧ್ಯಾಹ್ನ ಇವರಿಗೆ ದಾರಿ ತೋರಿಸಿ ಕಾಪಾಡಿದವನೆಂದೂ, ಮದುವೆಗೆ ಮುಂಚೆ ಆಟದ ಕೊನೆ ನೋಡಬೇಕೆಂದು ಮಗಳೇ ಹಾಕಿಸಿದಳೆಂದೂ, ಉಳಿದವರು ದಾಟಲೆಂದು ಅವನೊಬ್ಬನೇ ಹಿಂದೆ ನಿಂತು ಸತ್ತನೆಂದೂ ತಿಳಿಯಿತು. ಮೈಯೆಲ್ಲ ಉರಿದುಹೋಯಿತು. ವೈರು ಕೀಳಲು ಹೋದೆ. ಉಮಾಶಂಕರ್ ನನ್ನ ಕೈ ಹಿಡಿದು, "ಅವ್ರನ್ನ ಇನ್ನೂ ಮಣ್ಣು ಮಾಡಿಲ್ಲ, ಸ್ವಲ್ಪ ತಡೀರಿ ಸಾರ್" ಎಂದರು. ನಾನು ಕೆನ್ನೆಗೆ ಹೊಡೆದದ್ದು ನಿಜ. ಅವರು ತಳ್ಳಿದ್ದರಿಂದ ನನ್ನ ಮೊಣಕೈ ಬಾಗಿಲಿಗೆ ತಗುಲಿ ತರಚಿದೆ.

11-40ಕ್ಕೆ ಗಂಡಿನ ಸೋದರಮಾವನಿಗೆ ಫೋನ್ ಮಾಡಿ, ನಮ್ಮಲ್ಲಿ ಯಾರೂ ಸತ್ತಿಲ್ಲವೆಂದು ಬಿಡಿಸಿ ಹೇಳಿದೆ. ಹಾಗಾದರೆ ಮುಂದಿನ ಭಾನುವಾರ ಬರುತ್ತೇವೆಂದು ಒಪ್ಪಿದರು. ನನಗೆ ಹೋದ ಜೀವ ಬಂದಂತಾಯಿತು. ಇದನ್ನು ಮಗಳಿಗೆ ತಿಳಿಸಿದಾಗ ಅವಳು, ಬೆಂಕಿ ನೋಡಿದವರು ಯಾರು ಹೋದರೆಂದು ಕೇಳಿದರಾ ಎಂದಳು. ಕೇಳಲಿಲ್ಲ ಎಂದೆ. "ನೀನೇ ಹೋಗಿದ್ರೂ ಹಂಗೇ ಗಾಡಿ ತಿರುಗಿಸ್ತಿದ್ರು ಕಣಪ್ಪ" ಎಂದಳು. ಅವಳಿಗೆ ನಾನು ಬೈದೆ. ಊಟ ಮಾಡಲಾಗಲಿಲ್ಲ.

ಆದ್ದರಿಂದ ಮೇಲ್ಕಂಡ ಗಂಡ ಹೆಂಡತಿ ಮೇಲೆ ಕ್ರಮ ಕೈಗೊಂಡು ಮನೆ ಖಾಲಿ ಮಾಡಿಸಿಕೊಡಬೇಕು. ಮುಂದಿನ ಭಾನುವಾರವೂ ಬರುವುದು ಬೇಡವೆಂದು 2-10ಕ್ಕೆ ಕಣಕಟ್ಟೆಗೆ ನಾನೇ ಫೋನ್ ಮಾಡಿ ಹೇಳಿರುತ್ತೇನೆ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಸತ್ಯ.

ಸ್ಥಳ: ಅರಸೀಕೆರೆ
ದಿನಾಂಕ: 16-02-2003, ಸಂಜೆ 4-00
(ಸಹಿ) ಶಿವಯ್ಯ